ಅನ್ನದಾನಕ್ಕೆ ನೆಲೆ ಕಟ್ಟಿದ ಶ್ರೀ ಮಾಣಿಕಪ್ರಭುಗಳು

ಉಪವಾಸವೂ ಹಸಿವೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಅವೆರಡರ ನಡುವೆ ಅಜಗಜಾಂತರವಿದೆ. ಅನ್ನವು ಮುಂದಿರುವಾಗ ಸ್ವಇಚ್ಛೆಯಿಂದ ಅದನ್ನು ತ್ಯಜಿಸಿ ಆತ್ಮಚಿಂತನೆಯಲ್ಲಿ ನೆಲೆಸುವುದು ಉಪವಾಸ. ಅನ್ನವೇ ಇಲ್ಲದೆ, ಬೇಡವೆಂದರೂ ಬಂದೊದಗುವ ಸಂಕಟವೇ ಹಸಿವು. ಮೊದಲನೆಯದು ನಿರ್ಜರೆಗೆ ಸಾಧನವಾದರೆ ಎರಡನೆಯದು ಬಹುಮಟ್ಟಿಗೆ ಆರ್ತಧ್ಯಾನಕ್ಕೆ ಕಾರಣ. ಆದುದರಿಂದಲೇ ಪರ್ವದಿನಗಳಲ್ಲಿ ಆಹಾರವನ್ನು ಬಿಡಬೇಕೆಂದು ವಿಧಿಸಿದ ಆಚಾರ್ಯರು, ಹಸಿದವರಿಗೆ ಆಹಾರವನ್ನು ಕೊಡಬೇಕೆಂಬುದನ್ನೂ ಅಷ್ಟೇ ದೃಢವಾಗಿ ವಿಧಿಸಿದ್ದಾರೆ. ಅನ್ನವನ್ನು ಬಿಡಬಲ್ಲವನಿಗೆ ಅನ್ನದ ಬೆಲೆ ತಿಳಿದಿರಬೇಕು.

ಮಾನ್ಯಖೇಟದ ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದರು. ಮುನಿಗಳಿಗೆ ನವಧಾಭಕ್ತಿಯಿಂದ ಕೊಡುವ ಆಹಾರವು ಪಾತ್ರದತ್ತಿ. ದೀನರಾದ ಜೀವಿಗಳ ಭಯವನ್ನೂ ದುಃಖವನ್ನೂ ನೀಗಿಸುವುದು ದಯಾದತ್ತಿ. ದಯಾದತ್ತಿಗೆ ಬಾಗಿಲಲ್ಲಿ ನಿಂತವನ ಕುಲಗೋತ್ರಗಳ ವಿಚಾರಣೆ ಬೇಕಿಲ್ಲ. ಅವನ ಹಸಿವೇ ಸಾಕು. ಅದೇ ಮಾನ್ಯಖೇಟಕ್ಕೆ ಉತ್ತರದಲ್ಲಿ, ಬೀದರ ಜಿಲ್ಲೆಯ ಹುಮನಾಬಾದಿನ ಹತ್ತಿರ, ಜಿನಸೇನಾಚಾರ್ಯರಿಗೆ ಸುಮಾರು ಸಾವಿರ ವರ್ಷಗಳ ತರುವಾಯ ಒಬ್ಬ ಸತ್ಪುರುಷರು ಇಂತಹ ದಯಾದಾನಕ್ಕೆ ಒಂದು ನೆಲೆಯನ್ನು ಕಟ್ಟಿದರು. ಅವರು ಅನ್ಯಮತದವರಾದರೂ ಅವರ ಚರಿತ್ರೆಯು ಶ್ರಾವಕಬಂಧುಗಳಿಗೆ ಮನನಯೋಗ್ಯವಾಗಿದೆ. ಅವರೇ ಮಾಣಿಕನಗರದ ಶ್ರೀ ಮಾಣಿಕಪ್ರಭುಗಳು.

ಮಾಣಿಕಪ್ರಭುಗಳು 1817ನೆಯ ಇಸವಿ ಡಿಸೆಂಬರ್ 22ರಂದು, ಮಾರ್ಗಶಿರ ಮಾಸದ ದತ್ತಜಯಂತಿಯ ದಿನ, ಕಲ್ಯಾಣದ ಸಮೀಪದ ಲಾಡವಂತಿ ಗ್ರಾಮದಲ್ಲಿ ಜನಿಸಿದರು. ತಂದೆ ಮನೋಹರ ನಾಯಕರು, ತಾಯಿ ಬಯಾದೇವಿಯವರು. ಹನುಮಂತನೆಂಬ ಅಣ್ಣನೂ ನೃಸಿಂಹನೆಂಬ ತಮ್ಮನೂ ಅವರಿಗಿದ್ದರು. ದೇಶಸ್ಥ ಬ್ರಾಹ್ಮಣ ಮನೆತನ. ದೈವಭಕ್ತಿಯೇ ಮನೆಯ ಆಸ್ತಿ. ಬಾಲ್ಯವು ಬಹುಮಟ್ಟಿಗೆ ಸೋದರಮಾವನ ಆಶ್ರಯದಲ್ಲಿ ಕಲ್ಯಾಣದಲ್ಲಿಯೇ ಕಳೆಯಿತು.

ಆ ಕಲ್ಯಾಣವು ಸಾಮಾನ್ಯವಾದ ಊರಲ್ಲ. ಒಂದು ಕಾಲಕ್ಕೆ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಮನೆಯ ಅಡುಗೆಯ ಬಗೆಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅದೇ 12ನೆಯ ಶತಮಾನದಲ್ಲಿ ಅದೇ ಪಟ್ಟಣದಲ್ಲಿ ಬಸವಣ್ಣನವರು ದುಡಿದು ಗಳಿಸಿದುದನ್ನು ಹಂಚಿ ಉಣ್ಣುವ ದಾಸೋಹವನ್ನು ನಡೆಸಿದರು. ಅಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ನಿತ್ಯದ ಅಗತ್ಯಕ್ಕೆ ಮಿಕ್ಕಿದುದು ನಮಗೇಕೆಂದು ಅವನ ಹೆಂಡತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಈ ನಾಡಿನಲ್ಲಿ ಮನೆಮಾತಾಗಿದೆ. ಅಣುವ್ರತಗಳಲ್ಲಿ ಪರಿಗ್ರಹಪರಿಮಾಣವನ್ನು ಓದಿದವರಿಗೆ ಆ ಗೃಹಿಣಿಯ ನಡತೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಾಣಿಕಪ್ರಭುಗಳು ಬೆಳೆದ ಕಾಲಕ್ಕೆ ಆ ವೈಭವವೆಲ್ಲ ಹಾಳುಗೋಡೆಗಳಾಗಿ ಉಳಿದಿತ್ತು. ನಾಡು ಹೈದರಾಬಾದಿನ ನಿಜಾಮರ ಆಳಿಕೆಗೆ ಸೇರಿತ್ತು. ಕಂದಾಯದ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿಂದ ರೈತನು ಹಣ್ಣಾಗಿದ್ದನು. ದಿವಾನ ಸಾಲಾರ್ ಜಂಗರು 1853ರಲ್ಲಿ ಅಧಿಕಾರಕ್ಕೆ ಬಂದು ಸುಧಾರಣೆಗೆ ಕೈಹಾಕುವ ತನಕ ಆ ಪದ್ಧತಿ ನಡೆದೇ ಇತ್ತು. ಜೋಳ, ತೊಗರಿ, ಉದ್ದು, ಹೆಸರು ಈ ಸೀಮೆಯ ಬೆಳೆಗಳು; ಎಲ್ಲವೂ ಮಳೆಯನ್ನೇ ನಂಬಿದವು. ಮಳೆ ತಪ್ಪಿದ ವರ್ಷ ಒಕ್ಕಲಿನ ಮನೆಯ ಹಗೇವು ಬೇಗನೆ ಬರಿದಾಗುತ್ತಿತ್ತು. ಪ್ರಭುಗಳಿಗೆ 15 ವರ್ಷ ವಯಸ್ಸಾಗಿದ್ದಾಗ, 1833ರಲ್ಲಿ, ತೆಲುಗು ನಾಡಿನ ಗುಂಟೂರು ಸೀಮೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿಗೊಂಡ ಘೋರಕ್ಷಾಮವು ತಲೆದೋರಿತು. ಹಸಿವೆಂಬುದು ಆ ದಿನಗಳಲ್ಲಿ ಪುರಾಣದ ಮಾತಾಗಿರಲಿಲ್ಲ. ಹಾದಿಬೀದಿಯಲ್ಲಿ ಕಾಣುವ ನೋಟವಾಗಿತ್ತು.

ಹುಡುಗನಿಗೆ ಲೌಕಿಕದಲ್ಲಿ ಮನಸ್ಸು ನಿಲ್ಲಲಿಲ್ಲ. ಸೋದರಮಾವನು ನೌಕರಿಯೊಂದನ್ನು ದೊರಕಿಸಿಕೊಟ್ಟನೆಂದೂ, ಆ ಕೆಲಸವು ಅವರಿಗೆ ಒಗ್ಗದೆ ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ಬಿಟ್ಟು ಹೊರಟರೆಂದೂ ಭಕ್ತರು ಬರೆದ ಚರಿತ್ರೆಗಳು ಹೇಳುತ್ತವೆ. ಅನಂತರ ಅವರು ತೀರ್ಥಕ್ಷೇತ್ರಗಳಲ್ಲಿ ಸಂಚರಿಸಿದರು. ಹಲವು ಮತಗಳ ಸಾಧುಸಂತರನ್ನೂ ಫಕೀರರನ್ನೂ ಕಂಡರು. ಮರಾಠಿ, ಕನ್ನಡ, ಉರ್ದು ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿ ಹಾಡಿದರು. ಈ ಸೀಮೆಯಲ್ಲಿ ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವುದರಿಂದ, ಯಾವ ಜನರಿಗೂ ತಾವು ಪರಕೀಯರಾಗಬಾರದೆಂಬುದು ಅವರ ಆಶಯವಾಗಿದ್ದಿರಬೇಕು.

ಸಂಚಾರವನ್ನು ಮುಗಿಸಿ 1845ರ ಸುಮಾರಿಗೆ ಅವರು ಹುಮನಾಬಾದಿನ ಹೊರವಲಯದಲ್ಲಿ, ಗುರುಗಂಗಾ ಮತ್ತು ವಿರಜಾ ಎಂಬ ಎರಡು ಹೊಳೆಗಳು ಕೂಡುವೆಡೆಯಲ್ಲಿ ನೆಲೆನಿಂತರು. ಆಗ ಅವರ ವಯಸ್ಸು 30ನ್ನೂ ಮುಟ್ಟಿರಲಿಲ್ಲ. ಅವರ ಸುತ್ತ ಬೆಳೆದ ಊರೇ ಮಾಣಿಕನಗರ. ಮದುವೆಯಾಗದೆ ಬ್ರಹ್ಮಚಾರಿಗಳಾಗಿಯೇ ಉಳಿದ ಅವರು, ಎಲ್ಲ ಮತಗಳ ಸಾರವೂ ಒಂದೇ ಎಂದು ಸಾರುವ ಸಕಲಮತ ಸಂಪ್ರದಾಯವನ್ನು ಅಲ್ಲಿ ಸ್ಥಾಪಿಸಿದರು. ದತ್ತಾತ್ರೇಯನ ಅವತಾರವೆಂದು ದತ್ತಭಕ್ತರು, ಮೆಹಬೂಬ್ ಸುಭಾನಿಯವರ ರೂಪವೆಂದು ಮುಸಲ್ಮಾನರು, ಬಸವಣ್ಣನ ರೂಪವೆಂದು ಲಿಂಗಾಯತರು ಅವರನ್ನು ಕಂಡರು. ವಸ್ತುವಿಗೆ ಅನೇಕ ಧರ್ಮಗಳಿವೆ, ನೋಡುವ ನಯಗಳೂ ಅನೇಕವೆಂದು ತಿಳಿದಿರುವ ಜೈನರು ಅದ್ವೈತ ಸಿದ್ಧಾಂತವನ್ನು ಒಪ್ಪುವುದಿಲ್ಲ. ಆದರೆ ಪರಮತವನ್ನು ದ್ವೇಷಿಸಬಾರದೆಂಬ ಮಾತಿನಲ್ಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ.

ಅವರ ಹೆಸರಿನಲ್ಲಿ ಪವಾಡಗಳು ಬಹಳವಾಗಿ ಹಬ್ಬಿವೆ. ಅವನ್ನು ಇಲ್ಲಿ ವಿಚಾರಿಸುವುದು ಅನಾವಶ್ಯಕ. ಪವಾಡವಲ್ಲದ ಒಂದು ಕಾರ್ಯವೇ ಅವರ ಬಾಳಿನಲ್ಲಿ ಹಿರಿದಾಗಿ ನಿಂತಿದೆ. ಅದು ಮಾಣಿಕನಗರದ ಅನ್ನದಾನ. ಅಲ್ಲಿಯ ಪಾಕಶಾಲೆಗೆ ಭಂಡಾರಖಾನೆ ಎಂದು ಹೆಸರು. ಬಂದವರು ಯಾರು, ಯಾವ ಜಾತಿ, ಏನು ಕಾರಣಕ್ಕೆ ಬಂದರೆಂದು ಎಣಿಸದೆ ಊಟವಿಕ್ಕುವುದು ಅಲ್ಲಿಯ ಕಟ್ಟಳೆ. ಭಕ್ತರು ತಂದೊಪ್ಪಿಸಿದ ಧನಧಾನ್ಯವಸ್ತ್ರಗಳನ್ನು ಪ್ರಭುಗಳು ತಮಗಾಗಿ ಕೂಡಿಡದೆ ದೀನರಿಗೆ ಹಂಚಿಬಿಡುತ್ತಿದ್ದರೆಂಬುದು ಸಂಪ್ರದಾಯದವರೆಲ್ಲರ ಒಕ್ಕೊರಲಿನ ಹೇಳಿಕೆ. ದತ್ತಜಯಂತಿಯ ದಿನಗಳಲ್ಲಿ ದೂರದೂರದಿಂದ ಜನಸಮೂಹವು ಅಲ್ಲಿ ನೆರೆಯುತ್ತಿತ್ತು; ಆ ಎಲ್ಲರಿಗೂ ಊಟದ ಏರ್ಪಾಡಾಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ತಮಗಾಗಿ ಏನನ್ನೂ ಕೂಡಿಡದವರು ನಾಳೆಯ ಅನ್ನಕ್ಕೆ ಏನು ಮಾಡಿದರು? ಇದಕ್ಕೆ ಉತ್ತರವು ಅವರು ಕಟ್ಟಿದ ಸಂಸ್ಥಾನದಲ್ಲಿದೆ. ಒಬ್ಬ ವ್ಯಕ್ತಿಯು ಅಪರಿಗ್ರಹಿಯಾಗಬಹುದು. ಆದರೆ ನೂರಾರು ಜನಕ್ಕೆ ಉಣಬಡಿಸುವ ಮನೆಗೆ ಜೋಳ, ಬೇಳೆ, ಸೌದೆ, ನೀರು ತಪ್ಪದೆ ಒದಗಬೇಕು. ಅಡುಗೆಯವರಿರಬೇಕು, ಬಡಿಸುವವರಿರಬೇಕು, ಲೆಕ್ಕವಿಡುವವರಿರಬೇಕು. ವ್ಯಕ್ತಿಯ ಮನೆಯಲ್ಲಿ ಲೋಭವೆನಿಸುವ ಸಂಗ್ರಹವು ಸಂಘದ ಉಗ್ರಾಣದಲ್ಲಿ ಧರ್ಮವಾಗುತ್ತದೆ. ಏಕೆಂದರೆ ಅದಕ್ಕೆ ಒಡೆಯನಿಲ್ಲ, ಉಣ್ಣುವವರಿದ್ದಾರೆ. ಪ್ರಭುಗಳ ಸೋದರರೂ ಭಕ್ತಜನರೂ ಈ ಭಾರವನ್ನು ಹೊತ್ತರು. ಪ್ರಭುಗಳ ಕೈ ಬರಿದಾಗಿದ್ದರೂ ಭಂಡಾರಖಾನೆಯು ಬರಿದಾಗಲಿಲ್ಲ.

ಇದೇ ಸೀಮೆಯ ಜನರು ನೆನೆಯುವ ಇನ್ನೊಂದು ಚರಿತ್ರೆಯನ್ನು ಇದರೊಡನೆ ಹೋಲಿಸಬಹುದು. 15ನೆಯ ಶತಮಾನದಲ್ಲಿ ಬೀದರದ ಸುಲ್ತಾನರ ಅಧಿಕಾರಿಯಾಗಿ ಮಂಗಳವೇಢೆಯಲ್ಲಿದ್ದ ದಾಮಾಜಿಪಂತರು ಬರಗಾಲದಲ್ಲಿ ಸರ್ಕಾರದ ಕಣಜವನ್ನು ತೆರೆದು ಹಸಿದವರಿಗೆ ಹಂಚಿ ರಾಜಕೋಪಕ್ಕೆ ಗುರಿಯಾದರೆಂಬುದು ಪ್ರಸಿದ್ಧ. ಅದು ವೀರನ ಕಾರ್ಯ, ಸಂದೇಹವಿಲ್ಲ. ಆದರೆ ಕಣಜವು ಒಮ್ಮೆ ಬರಿದಾದರೆ ಮುಗಿಯಿತು. ಮುಂದಿನ ಬರಗಾಲಕ್ಕೆ ಮತ್ತೊಬ್ಬ ದಾಮಾಜಿ ಹುಟ್ಟಬೇಕು. ಮಾಣಿಕಪ್ರಭುಗಳ ಮಾರ್ಗವು ಬೇರೆ. ಅವರು ತಮ್ಮನ್ನೇ ನೆಚ್ಚಿ ನಿಲ್ಲುವಂತೆ ಅನ್ನದಾನವನ್ನು ನಡೆಸಲಿಲ್ಲ; ತಾವಿಲ್ಲದಾಗಲೂ ನಡೆಯುವಂತೆ ನಡೆಸಿದರು.

ಅದರ ಪರೀಕ್ಷೆಯು ಬೇಗನೆ ಬಂದಿತು. 1865ನೆಯ ಇಸವಿ ನವೆಂಬರ್ 29, ಮಾರ್ಗಶಿರ ಶುದ್ಧ ಏಕಾದಶಿಯಂದು, 48 ವರ್ಷ ತುಂಬುವ ಮೊದಲೇ ಪ್ರಭುಗಳು ಸಮಾಧಿಸ್ಥರಾದರು. ದತ್ತಜಯಂತಿಯ ಹುಣ್ಣಿಮೆಗೆ ಇನ್ನು ಕೆಲವೇ ದಿನಗಳಿದ್ದವು. ಜನವು ಆಗಲೇ ನೆರೆಯತೊಡಗಿತ್ತು. ಉತ್ಸವಕ್ಕೂ ಅನ್ನಸಂತರ್ಪಣೆಗೂ ಭಂಗ ಬರಬಾರದೆಂಬ ಅವರ ಇಚ್ಛೆಯಂತೆ ಆ ಸಂಗತಿಯು ಕೆಲವೇ ಆಪ್ತರಿಗೆ ತಿಳಿದಿದ್ದು, ಬಂದವರೆಲ್ಲರೂ ಉಂಡು, ಉತ್ಸವವು ಮುಗಿದ ಬಳಿಕವೇ ಬಹಿರಂಗವಾಯಿತೆಂದು ಸಂಪ್ರದಾಯದಲ್ಲಿ ಹೇಳಿಕೆಯಿದೆ. ಒಳಗೆ ಗುರುವಿಲ್ಲವೆಂದು ಬಲ್ಲವರು ಕಣ್ಣೀರನ್ನು ನುಂಗಿಕೊಂಡು ಹೊರಗೆ ಪಂಕ್ತಿಯಲ್ಲಿ ಬಡಿಸುತ್ತಿದ್ದ ಆ ದಿನಗಳನ್ನು ನೆನೆದರೆ, ಅನ್ನದಾನಕ್ಕೆ ಅವರು ಎಂತಹ ಸ್ಥಾನವನ್ನು ಕೊಟ್ಟಿದ್ದರೆಂಬುದು ಮನದಟ್ಟಾಗುತ್ತದೆ.

ಅವರ ತರುವಾಯ ತಮ್ಮನ ಮಗನಾದ ಮನೋಹರ ಮಾಣಿಕಪ್ರಭುಗಳು ಬಾಲ್ಯದಲ್ಲಿಯೇ ಗಾದಿಗೆ ಬಂದರು. ಪೀಠದಲ್ಲಿ ಚಿಕ್ಕ ಹುಡುಗನಿದ್ದರೂ ಭಂಡಾರಖಾನೆ ನಿಲ್ಲಲಿಲ್ಲ. 11 ವರ್ಷಗಳ ಬಳಿಕ ದಖ್ಖನವನ್ನೆಲ್ಲ ಸುಟ್ಟ 1876–78ರ ಮಹಾಕ್ಷಾಮವು ಬಂದಿತು. 1899–1900ರಲ್ಲಿ ಮತ್ತೊಂದು ಬಂದಿತು. ನಿಜಾಮರ ರಾಜ್ಯವು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಬೀದರವು ಕನ್ನಡನಾಡನ್ನು ಸೇರಿತು. ಮಾರ್ತಾಂಡ ಮಾಣಿಕಪ್ರಭುಗಳು 1936ರವರೆಗೆ, ಸಿದ್ಧರಾಜ ಮಾಣಿಕಪ್ರಭುಗಳು 2009ರವರೆಗೆ ಪೀಠದಲ್ಲಿದ್ದರು. ಅರಸರು ಹೋದರು, ಗಡಿಗಳು ಬದಲಾದವು. ಮಾಣಿಕನಗರಕ್ಕೆ ಬಂದವರಿಗೆ ಇಂದಿಗೂ ಪ್ರಸಾದವುಂಟು.

ಹಸಿವನ್ನು ನೀಗುವ ದಾರಿ ಅನ್ನಸತ್ರವೊಂದೇ ಅಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟು ಬಂದಾಗ ಭಗವಾನ್ ಋಷಭದೇವನು ಅವರಿಗೆ ಕೃಷಿಯೇ ಮೊದಲಾದ ಷಟ್ಕರ್ಮಗಳನ್ನು ಕಲಿಸಿದನು. ಆ ಮೇಲೆ ತಾನೇ ಮುನಿಯಾಗಿ ದೀರ್ಘಕಾಲ ನಿರಾಹಾರನಾಗಿದ್ದಾಗ ಹಸ್ತಿನಾಪುರದ ಶ್ರೇಯಾಂಸನು ಇಕ್ಷುರಸದ ಆಹಾರದಾನವನ್ನು ಮಾಡಿದನು. ಬೆಳೆಯಲು ಕಲಿಸುವುದು ಒಂದು ದಾರಿ, ಬೆಳೆದುದನ್ನು ನೀಡುವುದು ಇನ್ನೊಂದು. ಪುರಾಣದಲ್ಲಿ ಎರಡೂ ಇವೆ.

ಮೊದಲನೆಯ ದಾರಿಗೆ ನಿದರ್ಶನವೂ ಮಾಣಿಕನಗರಕ್ಕೆ ದೂರವಿಲ್ಲ. ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಜಹೀರಾಬಾದ ತಾಲೂಕು 1956ರವರೆಗೆ ಬೀದರ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಹಳ್ಳಿಗಳ ಬಡ ದಲಿತ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟಿತು. 1990ರ ದಶಕದಲ್ಲಿ ಆ ಸಂಘಗಳು ಒಂದು ಹೊಸ ಉಪಾಯವನ್ನು ಕೈಗೊಂಡವು. ಬೀಳುಬಿದ್ದ ಹೊಲಗಳ ಬಡ ಒಡೆಯರಿಗೆ ಉಳುಮೆಗೂ ಗೊಬ್ಬರಕ್ಕೂ ಸಾಲ ಕೊಡುವುದು. ಸಾಲವನ್ನು ಹಣದಲ್ಲಲ್ಲ, ಜೋಳದಲ್ಲಿ ಕೆಲವು ವರ್ಷಗಳ ಅವಧಿಯಲ್ಲಿ ಹಿಂದಕ್ಕೆ ಪಡೆಯುವುದು. ಆ ಜೋಳವನ್ನು ಊರಿನಲ್ಲಿಯೇ ಕೂಡಿಟ್ಟು, ಊರವರೇ ಸಭೆಯಲ್ಲಿ ಗುರುತಿಸಿದ ಕಡುಬಡವರಿಗೆ ಕೊರತೆಯ ತಿಂಗಳುಗಳಲ್ಲಿ ಅಗ್ಗದ ಬೆಲೆಗೆ ಕೊಡುವುದು. ಹೀಗೆ ಹೊಲವೂ ಹಸನಾಯಿತು, ಕೂಲಿಯೂ ದೊರೆಯಿತು, ಅನ್ನವೂ ಊರಲ್ಲೇ ಉಳಿಯಿತು. ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯು ಸಂದಿತು. ಭಂಡಾರಖಾನೆಯು ಬಾಗಿಲಿಗೆ ಬಂದ ಹಸಿವನ್ನು ತಣಿಸಿದರೆ, ಈ ಧಾನ್ಯನಿಧಿಯು ಹಸಿವು ಮನೆಬಿಟ್ಟು ಹೊರಡದಂತೆಯೇ ತಡೆಯಿತು.

ಶ್ರಾವಕರಲ್ಲಿ ಅನೇಕ ಮನೆತನಗಳಿಗೆ ಧಾನ್ಯದ ವ್ಯಾಪಾರವೇ ಜೀವನೋಪಾಯ. ಅಂತಹವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮತ್ತೊಮ್ಮೆ ತೆರೆದು ನೋಡಬೇಕು. ಪರಿಗ್ರಹಪರಿಮಾಣವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹವು ಒಂದು. ಮುಂದೆ ಹೆಚ್ಚು ಲಾಭ ಬಂದೀತೆಂಬ ಲೋಭದಿಂದ ಧಾನ್ಯಾದಿಗಳನ್ನು ಅತಿಯಾಗಿ ಕೂಡಿಡುವುದೇ ಅತಿಸಂಗ್ರಹವೆಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಉಗ್ರಾಣದಲ್ಲಿ ಧಾನ್ಯವನ್ನು ಅಡಗಿಸಿಟ್ಟು ಮನೆಯಲ್ಲಿ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಆಚರಿಸಿದರೆ ಆ ಉಪವಾಸಕ್ಕೆ ಕಾಂತಿ ಬಾರದು. ಅದೇ ಉಗ್ರಾಣದಿಂದ ಒಂದು ಪಾಲು ಊರಿನ ಅನ್ನಸತ್ರಕ್ಕೋ ಸಂಘದ ಧಾನ್ಯನಿಧಿಗೋ ಸಂದರೆ ವ್ರತವೂ ದಾನವೂ ಒಂದನ್ನೊಂದು ಬೆಳಗುತ್ತವೆ.

ವ್ಯಾಪಾರವಿಲ್ಲದ ಮನೆಗಳಿಗೂ ದಾರಿಯಿದೆ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುವ ಹಿಡಿಯಕ್ಕಿಯ ಪದ್ಧತಿ ಕನ್ನಡನಾಡಿನಲ್ಲಿ ಹಳೆಯದು. ದಶಲಕ್ಷಣ ಪರ್ವದಲ್ಲಿ ಉಪವಾಸದಿಂದ, ಏಕಭುಕ್ತದಿಂದ ಉಳಿದ ಹೊತ್ತಿನ ಅನ್ನವನ್ನು ಉಳಿತಾಯವೆಂದು ತಿಳಿಯದೆ ಆ ಗಡಿಗೆಗೆ ಸೇರಿಸಬಹುದು. ಆದರೆ ಅದನ್ನು ಬಿಡಿಬಿಡಿಯಾಗಿ ಚೆಲ್ಲದೆ, ನಿತ್ಯವೂ ಒಲೆ ಹೊತ್ತಿಸುವ, ಲೆಕ್ಕವನ್ನು ಬಹಿರಂಗವಾಗಿಡುವ, ಜಾತಿಯನ್ನು ಕೇಳದ ಸಂಘಸಂಸ್ಥೆಗಳಿಗೆ ಒಪ್ಪಿಸುವುದು ವಿವೇಕ. ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ದಾನಕ್ಕೆ ವಿಶೇಷ ಫಲವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ಒಂದು ದಿನ ಒಬ್ಬನಿಗೆ ಬಡಿಸಿದ ಊಟವು ಆ ದಿನಕ್ಕೇ ಮುಗಿಯುತ್ತದೆ. ಒಂದು ಅನ್ನಸಂಸ್ಥೆಗೆ ಕೊಟ್ಟ ಹಿಡಿಧಾನ್ಯವು ಕೊಟ್ಟವನು ಕಣ್ಮರೆಯಾದ ಮೇಲೂ ಬಡಿಸುತ್ತಲೇ ಇರುತ್ತದೆ.

ಮಾಣಿಕಪ್ರಭುಗಳು ಮಾಣಿಕನಗರದಲ್ಲಿ ಬಾಳಿದ್ದು ಸುಮಾರು 20 ವರ್ಷ. ಅವರು ಹೊತ್ತಿಸಿದ ಒಲೆಗೆ ಈಗ 175 ವರ್ಷಗಳು ಮಿಕ್ಕಿವೆ. ಸತ್ಪುರುಷರ ಆಯುಷ್ಯವನ್ನು ಅಳೆಯಬೇಕಾದುದು ಈ ಎರಡನೆಯ ಲೆಕ್ಕದಿಂದ.