ಪರೀಕ್ಷೆ ಪಾಸಾಗದ ಮೇಷ್ಟ್ರ ಬಟಾಣಿ ಲೆಕ್ಕ

ಮೂರನೇ ಸೆಮಿಸ್ಟರಿನ ರಿಸಲ್ಟ್ ಬಂದ ದಿನ ಮನೆಯಲ್ಲಿ ಯಾರೂ ಬೈಯಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು. ಮ್ಯಾಥ್ಸ್ ಬ್ಯಾಕ್ ಉಳಿದಿತ್ತು. ಅದರಲ್ಲೂ ನಾನು ಎಡವಿದ್ದು ಪ್ರಾಬಬಿಲಿಟಿಯಲ್ಲಿ. ಸಂಜೆ ಮನೆಗೆ ಬಂದ ಚಿಕ್ಕಪ್ಪ ನನ್ನನ್ನು ಸಮಾಧಾನ ಮಾಡಲೆಂದೇ, ಲೆಕ್ಕ ನಮ್ಮ ವಂಶಕ್ಕೇ ಒಲಿದದ್ದಲ್ಲ, ರಕ್ತದಲ್ಲೇ ಇಲ್ಲ ಅಂದರು. ಅಪ್ಪ ಕೂಡ ಪಿಯುಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಓದು ಬಿಟ್ಟವರು. ಅವರು ತಲೆ ಎತ್ತದೆ ಪೇಪರ್ ನೋಡುತ್ತಾ ಕೂತಿದ್ದರು. ನನ್ನ ಫೀಸಿನಲ್ಲಿ ಅರ್ಧ ಕಟ್ಟುವ ಅಕ್ಕ ಮಾತ್ರ ಬಂದು ಊಟಕ್ಕೆ ಏಳೋ ಅಂದಳು.

ಅದೇ ವಾರ ಚಿಕ್ಕಪ್ಪನ ಮಗನಿಗೆ ಹತ್ತನೇ ತರಗತಿಯ ವಿಜ್ಞಾನ ಹೇಳಿಕೊಡಲು ಕೂತೆ. ಪಾಠ ಅನುವಂಶೀಯತೆ. ಗ್ರೆಗರ್ ಮೆಂಡೆಲ್, ಬಟಾಣಿ ಗಿಡ, 3:1 ಅನುಪಾತ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿ, ಪಿಯುಸಿಗೆ ಪಿಸಿಎಂಸಿ ಸೇರಿದ ಮೇಲೆ ನಾನು ಪೂರ್ತಿ ಮರೆತಿದ್ದ ಸಂಗತಿ. ಹುಡುಗ ಒಂದು ಪ್ರಶ್ನೆ ಕೇಳಿದ. ಅಣ್ಣಾ, 3:1 ಯಾಕೆ, 2:2 ಯಾಕಲ್ಲ? ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಮೆಂಡೆಲ್‌ನ ಬದುಕು.

ಆತ ಹುಟ್ಟಿದ್ದು 1822ರಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ. ಈಗ ಅದು ಜೆಕ್ ಗಣರಾಜ್ಯದಲ್ಲಿದೆ. ಮನೆಯಲ್ಲಿ ಇಟ್ಟ ಹೆಸರು ಯೋಹಾನ್. ಅಪ್ಪ ರೈತ. ಮಗ ಹೈಸ್ಕೂಲು ಓದುತ್ತಿದ್ದಾಗ ಅಪ್ಪನ ಮೈಮೇಲೆ ಮರ ಬಿದ್ದು ದುಡಿಮೆಯೇ ಕಷ್ಟವಾಯಿತು. ಹುಡುಗ ಟ್ಯೂಷನ್ ಹೇಳಿ ಹೊಟ್ಟೆ ಹೊರೆದುಕೊಂಡ. ಅದೂ ಸಾಲದಾದಾಗ ತಂಗಿ ಥೆರೇಸಿಯಾ ತನ್ನ ಮದುವೆಗೆಂದು ಬರಬೇಕಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಿ ತಂಗಿ, ಇಲ್ಲಿ ಅಕ್ಕ.

ಮುಂದೆ ಓದಲು ದುಡ್ಡಿಲ್ಲದೆ 1843ರಲ್ಲಿ ಆತ ಬ್ರನೋ ನಗರದ ಕ್ರೈಸ್ತ ಮಠ ಸೇರಿದ. ಗ್ರೆಗರ್ ಎಂಬ ಹೆಸರು ಬಂದದ್ದು ಅಲ್ಲಿ. ಪಾದ್ರಿಯಾಗಿ ರೋಗಿಗಳ ನೋವು ನೋಡುವುದು ಆತನಿಂದಾಗಲಿಲ್ಲ, ತಾನೇ ಹಾಸಿಗೆ ಹಿಡಿದ. ಮಠದ ಹಿರಿಯರು ಆತನನ್ನು ಶಾಲೆಯಲ್ಲಿ ಪಾಠ ಮಾಡಲು ಕಳಿಸಿದರು. ಪಾಠ ಚೆನ್ನಾಗಿ ಮಾಡುತ್ತಿದ್ದ, ಆದರೆ ಕಾಯಂ ಆಗಲು ಪರೀಕ್ಷೆ ಪಾಸಾಗಬೇಕಿತ್ತು. 1850ರಲ್ಲಿ ಬರೆದು ಫೇಲಾದ. ಪ್ರಾಣಿಶಾಸ್ತ್ರದಲ್ಲಿ ಬರೆದ ಉತ್ತರ ಪರೀಕ್ಷಕರಿಗೆ ಒಪ್ಪಿಗೆಯಾಗಲಿಲ್ಲವಂತೆ. ಮುಂದೆ ಜೀವಶಾಸ್ತ್ರದ ದಿಕ್ಕನ್ನೇ ಬದಲಿಸಿದವನ ಕಥೆ ಇದು!

ಮಠ ಆತನನ್ನು ಕೈಬಿಡಲಿಲ್ಲ. 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಅಲ್ಲಿ ಭೌತಶಾಸ್ತ್ರ ಕಲಿಸಿದವರಲ್ಲಿ ಒಬ್ಬರು ಕ್ರಿಶ್ಚಿಯನ್ ಡಾಪ್ಲರ್, ನಾವು ಓದುವ ಡಾಪ್ಲರ್ ಪರಿಣಾಮದ ಡಾಪ್ಲರ್. ಸಂಯೋಜನೆಗಳ ಗಣಿತವನ್ನೂ ಆತ ಅಲ್ಲೇ ಕಲಿತ. ವಾಪಸು ಬಂದು 1856ರಲ್ಲಿ ಮತ್ತೆ ಪರೀಕ್ಷೆಗೆ ಹೋದ, ಅರ್ಧಕ್ಕೇ ಬಿಟ್ಟು ಮಠಕ್ಕೆ ಮರಳಿದ. ಕೊನೆಗೂ ಪಾಸಾಗಲಿಲ್ಲ, ಕಾಯಂ ಆಗದ ಮೇಷ್ಟ್ರಾಗಿಯೇ ಉಳಿದ. ಆದರೆ ಮಠದ ತೋಟದಲ್ಲಿ ಬಟಾಣಿ ಪ್ರಯೋಗ ಶುರುವಾದದ್ದೂ ಅದೇ 1856ರಲ್ಲಿ.

ಬಟಾಣಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದರಲ್ಲಿ ಗುಣಗಳು ಎದ್ದು ಕಾಣುತ್ತವೆ. ಕಾಳು ನುಣುಪು ಇಲ್ಲವೇ ಸುಕ್ಕು, ಹಳದಿ ಇಲ್ಲವೇ ಹಸಿರು, ಗಿಡ ಎತ್ತರ ಇಲ್ಲವೇ ಗಿಡ್ಡ. ಇಂಥ ಏಳು ಗುಣಗಳನ್ನು ಆತ ಆರಿಸಿಕೊಂಡ. ಅರಳುವ ಮುಂಚೆಯೇ ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗ ತಂದು ಸವರಿ, ಬೇರೆ ಪರಾಗ ಸೇರದಂತೆ ಹೂವಿಗೆ ಚೀಲ ಕಟ್ಟಿದ. ಇದನ್ನೇ ಎಂಟು ವರ್ಷ, ಸಾವಿರಾರು ಗಿಡಗಳ ಮೇಲೆ ಮಾಡಿದ.

ನುಣುಪು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಸೇರಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ನುಣುಪು. ಸುಕ್ಕು ಕಳೆದೇಹೋಯಿತು ಅನ್ನಿಸುತ್ತದೆ. ಆದರೆ ಆ ಗಿಡಗಳು ತಮ್ಮಲ್ಲೇ ಪರಾಗಸ್ಪರ್ಶವಾಗಿ ಬಿಟ್ಟ ಕಾಳುಗಳಲ್ಲಿ ಸುಕ್ಕು ಮತ್ತೆ ಕಾಣಿಸಿತು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಮೆಂಡೆಲ್ ಎಣಿಸಿದ. 7,324 ಕಾಳುಗಳಲ್ಲಿ 5,474 ನುಣುಪು, 1,850 ಸುಕ್ಕು. ಹೆಚ್ಚು ಕಡಿಮೆ 3:1. ಏಳು ಗುಣಗಳಲ್ಲೂ ಇದೇ ಕಥೆ.

ಯಾಕೆ ಹೀಗೆ? ಪ್ರತಿ ಗುಣಕ್ಕೂ ಗಿಡದೊಳಗೆ ಎರಡು ಅಂಶಗಳಿರುತ್ತವೆ, ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಇವನ್ನೇ ಈಗ ನಾವು ಜೀನ್ ಅನ್ನುವುದು. ಮುಂದಿನ ಪೀಳಿಗೆಗೆ ಹೋಗುವಾಗ ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ, ಯಾವುದು ಎಂಬುದು ನಾಣ್ಯ ಚಿಮ್ಮಿದ ಹಾಗೆ. ಎರಡು ನಾಣ್ಯ ಚಿಮ್ಮಿದರೆ ನಾಲ್ಕು ಸಾಧ್ಯತೆ. ಒಂದು ಹೆಡ್ ಇದ್ದರೂ ಸಾಕು, ಕಾಳು ನುಣುಪು. ಎರಡೂ ಟೇಲ್ ಬಿದ್ದರೆ ಮಾತ್ರ ಸುಕ್ಕು. ಅಂದರೆ ನಾಲ್ಕರಲ್ಲಿ ಒಂದು. ಹೆಡ್ ಪ್ರಬಲ ಗುಣ, ಟೇಲ್ ಸುಪ್ತ ಗುಣ. ಸುಪ್ತ ಗುಣ ಅಡಗಿರುತ್ತದೆ, ಅಳಿಯುವುದಿಲ್ಲ. ನಾನು ಫೇಲಾಗಿದ್ದ ಅದೇ ಪ್ರಾಬಬಿಲಿಟಿ ಇದು. ಅಂದು ರಾತ್ರಿ ತಮ್ಮನ ಜೊತೆ ಕೂತು ಎರಡು ನಾಣ್ಯಗಳನ್ನು ನೂರು ಸಲ ಚಿಮ್ಮಿದೆ. ಇಪ್ಪತ್ತಮೂರು ಸಲ ಎರಡೂ ಟೇಲ್ ಬಿತ್ತು. ಅವನಿಗೆ ಪಾಠ ಅರ್ಥವಾಯಿತು, ನನಗೂ ಆಯಿತು.

ಮೆಂಡೆಲ್ 1865ರಲ್ಲಿ ಬ್ರನೋದ ವಿಜ್ಞಾನ ಸಂಘದ ಮುಂದೆ ಇದನ್ನು ಮಂಡಿಸಿದ, ಮರುವರ್ಷ ಲೇಖನ ಅಚ್ಚಾಯಿತು. ಹೆಚ್ಚಿನವರು ಅದರತ್ತ ತಿರುಗಿಯೂ ನೋಡಲಿಲ್ಲ. ಆಗಿನ ದೊಡ್ಡ ಸಸ್ಯಶಾಸ್ತ್ರಜ್ಞ ನೆಗೆಲಿಗೆ ಪತ್ರ ಬರೆದ, ಆತನಿಗೂ ಇದರ ಮಹತ್ವ ಹೊಳೆಯಲಿಲ್ಲ. 1868ರಲ್ಲಿ ಮೆಂಡೆಲ್ ಮಠದ ಮುಖ್ಯಸ್ಥನಾದ. ಕೊನೆಯ ವರ್ಷಗಳು ಸರ್ಕಾರದ ಜೊತೆ ತೆರಿಗೆ ಜಗಳದಲ್ಲೇ ಕಳೆದವು. ಆದರೂ ಒಂದನ್ನು ಮರೆಯಲಿಲ್ಲ. ಥೆರೇಸಿಯಾಳ ಮಕ್ಕಳ ಓದಿಗೆ ನೆರವಾದ. 1884ರ ಜನವರಿಯಲ್ಲಿ ತೀರಿಕೊಂಡಾಗ ಊರಿನವರಿಗೆ ಆತ ಮಠದ ಹಿರಿಯ, ವಿಜ್ಞಾನಿಯಲ್ಲ. 1900ರಲ್ಲಿ ಡಿ ವ್ರೀಸ್, ಕೊರೆನ್ಸ್ ಮುಂತಾದವರು ತಾವೂ ಇದೇ ನಿಯಮ ಕಂಡು ಹಳೆಯ ಲೇಖನಗಳನ್ನು ಹುಡುಕಿದಾಗ, ಮೂವತ್ತನಾಲ್ಕು ವರ್ಷ ಹಿಂದೆಯೇ ಒಬ್ಬ ಅದನ್ನೆಲ್ಲ ಬರೆದಿಟ್ಟಿದ್ದು ಗೊತ್ತಾಯಿತು.

ಚಿಕ್ಕಪ್ಪನ ಮಾತಿಗೆ ಈಗ ನನ್ನ ಬಳಿ ಉತ್ತರವಿದೆ. ಬಟಾಣಿಯ ಸುಕ್ಕಿಗೆ ಒಂದು ಜೋಡಿ ಅಂಶ ಸಾಕು. ಮನುಷ್ಯನ ಎತ್ತರವನ್ನೇ ತೆಗೆದುಕೊಂಡರೂ ನೂರಾರು ಜೀನ್‌ಗಳು ಸೇರುತ್ತವೆ, ಜೊತೆಗೆ ತಿಂದ ಊಟವೂ ಸೇರುತ್ತದೆ. ಹಾಗಿರುವಾಗ ಒಂದು ಮ್ಯಾಥ್ಸ್ ಪೇಪರನ್ನು ರಕ್ತದ ತಲೆಗೆ ಕಟ್ಟುವುದು ಹೇಗೆ? ನಾನು ಪ್ರಾಬಬಿಲಿಟಿಯ ಘಟಕವನ್ನೇ ಬಿಟ್ಟು ಓದಿದ್ದೆ, ಅದಕ್ಕೆ ವಂಶ ಏನು ಮಾಡೀತು?

ಇದನ್ನು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ಅಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಆ ನಾಣ್ಯದ ಲೆಕ್ಕ ಇನ್ನೊಂದು ಸಲ ಹೇಳು ಅಂದರು. ಮುಂದಿನ ತಿಂಗಳು ಬ್ಯಾಕ್ ಪೇಪರ್ ಇದೆ. ಅರ್ಜಿಯ ದುಡ್ಡು ಈ ಸಲವೂ ಅಕ್ಕನೇ ಕೊಟ್ಟಿದ್ದಾಳೆ. ಅದನ್ನು ಬರೆದಿಟ್ಟುಕೊಂಡಿದ್ದೇನೆ.