ಹದಿಹರೆಯದ ಬಸವಣ್ಣನವರು

12ನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ ಮಾದಾಂಬೆಯರ ಉದರದಲ್ಲಿ ಜನಿಸಿದ ಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರೆಂದು ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ನಿರೂಪಿಸಿರುವನು. ಮುತ್ತಬ್ಬೆಯು ಮೊಮ್ಮಗನನ್ನು ಸಾಕಿ ಸಲಹಿದಳು. ಸಂಪತ್ತಿಗೆ ಕೊರತೆಯಿರಲಿಲ್ಲ, ಆದರೆ ಮನೆತನದ ಕರ್ಮಮಾರ್ಗಕ್ಕೂ ಬಾಲಕರ ಶಿವಭಕ್ತಿಗೂ ಹೊಂದಿಕೆಯಿರಲಿಲ್ಲ. 16ನೆಯ ವಯಸ್ಸಿನಲ್ಲಿ ಅವರು ಜನಿವಾರವನ್ನು ಕಳೆದೊಗೆದು, ಬಂಧುಬಳಗವನ್ನೂ ಸಿರಿಯನ್ನೂ ತೊರೆದು, ಕೃಷ್ಣಾ ಮಲಾಪಹಾರಿಗಳು ಕೂಡುವ ಸಂಗಮಕ್ಷೇತ್ರಕ್ಕೆ ನಡೆದರು. ಅಲ್ಲಿ ಈಶಾನ್ಯಗುರುಗಳು ಆಶ್ರಯವಿತ್ತರು. ಸಂಗಮನಾಥನೇ ತಾಯಿಯೂ ತಂದೆಯೂ ಆದನು. ಕೆಲಕಾಲಾನಂತರ ಬಿಜ್ಜಳನ ಮಂಗಳವಾಡಕ್ಕೆ ತೆರಳಬೇಕೆಂದು ದೇವನು ಸ್ವಪ್ನದಲ್ಲಿ ಆಜ್ಞಾಪಿಸಲು, ಮತ್ತೆ ಅಗಲಿಕೆಯೊದಗಿತೆಂದು ಅವರು ಬಹುವಾಗಿ ಮರುಗಿದರು. ಆದರೂ ಆಜ್ಞೆಯನ್ನು ಮೀರಲಿಲ್ಲ. ಹುಟ್ಟಿದ ಮನೆಯನ್ನು ಎಳೆಯ ಪ್ರಾಯದಲ್ಲಿಯೇ ತೊರೆದ ಆ ಮಹಾತ್ಮರೇ ಮುಂದೆ ಕಲ್ಯಾಣದಲ್ಲಿ ತಮ್ಮ ಮಹಾಮನೆಯ ಬಾಗಿಲನ್ನು ಕುಲಭೇದವೆಣಿಸದೆ ಶರಣರೆಲ್ಲರಿಗೂ ತೆರೆದರು.