ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ಜಾಲಹಳ್ಳಿಯ ನಮ್ಮ ದೊಡ್ಡಪ್ಪನವರಿಗೆ ಮೂತ್ರಪಿಂಡಗಳು ಸೋತು ಡಯಾಲಿಸಿಸ್ ನಡೆದಿದೆ. ಅವರನ್ನು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ದೇವದುರ್ಗದ ಮೇಲೆ ರಾಯಚೂರಿಗೆ ಕರೆದೊಯ್ಯುವ ಕೆಲಸ ರಜೆಯಲ್ಲಿ ನನ್ನ ಪಾಲಿಗೆ ಬಂದಿತು. ಒಂದು ದಿನ ಅಲ್ಲಿಯೇ ಅವರಿಗೆ ಎದೆ ಬಿಗಿಯಿತು. ರಕ್ತ ಪರೀಕ್ಷಿಸಿದಾಗ ಟ್ರೋಪೋನಿನ್ ಮಿತಿಗಿಂತ ಹೆಚ್ಚಾಗಿತ್ತು. ಹೃದಯದ ಸ್ನಾಯು ಘಾಸಿಗೊಂಡರೆ ರಕ್ತಕ್ಕೆ ಸೇರುವ ಪ್ರೋಟೀನು ಅದು. ನಾನು ಕಂಗಾಲಾದೆ, ವೈದ್ಯರು ಆಗಲಿಲ್ಲ. ಮೂತ್ರಪಿಂಡ ಸೋತವರಲ್ಲಿ ಹೃದಯಾಘಾತವಿಲ್ಲದೆಯೂ ಅದು ಹೆಚ್ಚಾಗಿರುವುದುಂಟಂತೆ. ಕೆಲವು ಗಂಟೆ ಬಿಟ್ಟು ಮತ್ತೆ ಅಳೆದು, ಏರಿದೆಯೋ ಇಲ್ಲವೋ ನೋಡಬೇಕಂತೆ. ಅಲ್ಲಿಯವರೆಗೆ ಅವರ ಹಳೆಯ ವರದಿಗಳನ್ನು ತಿರುವುತ್ತ ಕುಳಿತೆ. ಫಾಸ್ಫರಸ್, ಕ್ರಿಯಾಟಿನಿನ್ ಎಂಬ ಆ ಹೆಸರುಗಳ ಬೆನ್ನು ಹತ್ತಿ ಹೋದ ಮೇಲೆಯೇ, ಕಲಾ ವಿಭಾಗದವನಾದ ನನಗೆ ಸುಬ್ಬರಾಯರ ಪರಿಚಯವಾದದ್ದು.

ನೆರೆಯ ತೆಲುಗು ನಾಡಿನ ಭೀಮಾವರದಲ್ಲಿ 1895ರ ಜನವರಿ 12ರಂದು ಅವರು ಹುಟ್ಟಿದರು. ಮೆಟ್ರಿಕ್ಯುಲೇಷನ್ ಮೂರನೆಯ ಸಲಕ್ಕೆ ಪಾಸಾಯಿತು (ನಮ್ಮಲ್ಲಿ ಕೆಲವರಿಗೆ ಧೈರ್ಯ ತರುವ ಸಂಗತಿ!). ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಅದು ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ದೊಡ್ಡ ಪದವಿಯ ಬದಲು ಎಲ್.ಎಂ.ಎಸ್. ದೊರೆಯಿತು. 1922ರಲ್ಲಿ ಪತ್ನಿಯನ್ನು ಊರಿನಲ್ಲಿ ಬಿಟ್ಟು ಅಮೆರಿಕೆಗೆ ಹೊರಟವರು ಮತ್ತೆ ಮರಳಲೇ ಇಲ್ಲ. ಬಾಸ್ಟನ್ ನಗರದ ಬ್ರಿಗ್ಹಾಮ್ ಆಸ್ಪತ್ರೆಯಲ್ಲಿ ರಾತ್ರಿ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದು ಹೊಟ್ಟೆ ಹೊರೆದರು.

ಹಾರ್ವರ್ಡ್‌ನಲ್ಲಿ ಫಿಸ್ಕ್ ಎಂಬವರೊಡನೆ 1925ರಲ್ಲಿ ಅವರು ಪ್ರಕಟಿಸಿದ ವಿಧಾನ ಬಲು ಸರಳ. ರಕ್ತದ ಫಾಸ್ಫೇಟಿಗೆ ಮಾಲಿಬ್ಡೇಟ್ ಕೂಡಿಸಿ ಇನ್ನೊಂದು ದ್ರವ ಬೆರೆಸಿದರೆ ನೀಲಿಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೋ ಫಾಸ್ಫರಸ್ಸು ಅಷ್ಟು. ದಶಕಗಳ ಕಾಲ ಲೋಕದ ಪ್ರಯೋಗಶಾಲೆಗಳು ಇದನ್ನೇ ನೆಚ್ಚಿದ್ದವು. ಡಯಾಲಿಸಿಸ್ ರೋಗಿಗಳಲ್ಲಿ ಫಾಸ್ಫರಸ್ಸು ಉಳಿದು ರಕ್ತನಾಳಗಳು ಗಡುಸಾಗಿ ಹೃದಯಕ್ಕೆ ಕುತ್ತು ಬರುವುದರಿಂದ ಈ ಅಳತೆ ಇಂದಿಗೂ ತಪ್ಪಿಲ್ಲ. 1927ರಲ್ಲಿ ಇಬ್ಬರೂ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಕಂಡುಹಿಡಿದರು. ದುಡಿಯುವ ಹೃದಯಕ್ಕೆ ಅದು ಕೂಡಿಟ್ಟ ಗಂಟು; ಅದು ಕರಗಿ ಉಳಿಯುವ ಕಸವೇ ಕ್ರಿಯಾಟಿನಿನ್. ಆ ಗಂಟನ್ನು ಕಟ್ಟಿ ಬಿಚ್ಚುವ ಕಿಣ್ವವನ್ನೇ, ಟ್ರೋಪೋನಿನ್ ಬರುವ ಮೊದಲು, ಹೃದಯಾಘಾತದ ಗುರುತಾಗಿ ವೈದ್ಯರು ರಕ್ತದಲ್ಲಿ ಹುಡುಕುತ್ತಿದ್ದರು.

ಇಷ್ಟಾದರೂ ಹಾರ್ವರ್ಡ್‌ನಲ್ಲಿ ಖಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಸಂಸ್ಥೆ ಸೇರಿದರು. ಫೋಲಿಕ್ ಆಮ್ಲ, ಆನೆಕಾಲು ರೋಗದ ಹೆಟ್ರಜಾನ್, ಆರಿಯೋಮೈಸಿನ್ ಎಲ್ಲವೂ ಅವರ ನೇತೃತ್ವದ ಫಲ. ಜನ ಈ ಔಷಧಗಳನ್ನೇ ಹೊಗಳುತ್ತಾರೆ. ನನಗೋ, ಆ ನೀಲಿಬಣ್ಣದ ಲೆಕ್ಕವೇ ಮಿಗಿಲೆನಿಸುತ್ತದೆ.

ಅವರು ಪಾತ್ರೆ ತೊಳೆದ ಅದೇ ಬ್ರಿಗ್ಹಾಮ್ ಆಸ್ಪತ್ರೆಯಲ್ಲಿ 1948ರಲ್ಲಿ ಕೃತಕ ಮೂತ್ರಪಿಂಡದ ಬಳಕೆ ಆರಂಭವಾಯಿತು. ಅದೇ ವರ್ಷ ಆಗಸ್ಟಿನಲ್ಲಿ, 53ನೆಯ ವಯಸ್ಸಿಗೆ, ಸುಬ್ಬರಾಯರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಟ್ರೋಪೋನಿನ್ ಪರೀಕ್ಷೆ ಬರಲು ಇನ್ನೂ ನಾಲ್ಕು ದಶಕ ಬೇಕಾಗಿತ್ತು.

ದೊಡ್ಡಪ್ಪನವರ ಎರಡನೆಯ ಅಂಕಿ ಮೊದಲಿನಷ್ಟೇ ಬಂದಿತು. ಇನ್ನೂ ಕೆಲವು ಗಂಟೆ ಇರಿಸಿಕೊಂಡು ನೋಡಿ ಕಳುಹಿಸಿದರು. ಮರುದಿನ ಬೆಳಗಿನ ಬಸ್ಸಿಗೆ ಜಾಲಹಳ್ಳಿಗೆ ಮರಳಿದೆವು.